ಚಂದಾ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿಲ್ಲವೇ?

ರಂಜಾನಿನ ಚಂದ್ರದರ್ಶನವಾಯಿತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಮಸೀದಿಗಳ ಬಾಗಿಲಲ್ಲಿ ರಸೀದಿ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ಊರಿನ ಮದ್ರಸದವರು ಬರುತ್ತಾರೆ, ನಾವು ಹೆಸರೂ ಕೇಳಿರದ ದೂರದ ಮದ್ರಸಗಳ ಸಫೀರರು ಬರುತ್ತಾರೆ, ಅನಾಥಾಲಯ ಕಟ್ಟುತ್ತಿದ್ದೇವೆ ಎನ್ನುವವರು ಫೋಟೋ ಹಿಡಿದು ನಿಲ್ಲುತ್ತಾರೆ. ಬಕ್ರೀದಿಗೆ ಚರ್ಮ ಸಂಗ್ರಹಿಸುವವರ ಸರದಿ. ಇದು ಮುಸ್ಲಿಮರ ಓಣಿಗಷ್ಟೇ ಸೇರಿದ ಮಾತಲ್ಲ. ಗಣೇಶನ ಪಟ್ಟಿ, ಜಾತ್ರೆಯ ಪಟ್ಟಿ, ತೇರಿನ ಪಟ್ಟಿ, ಸಾಮೂಹಿಕ ಮದುವೆಯ ಪಟ್ಟಿ ಎಂದು ನಮ್ಮ ಕಡೆ ವರ್ಷವಿಡೀ ಯಾರಾದರೊಬ್ಬರು ಪಟ್ಟಿ ಎತ್ತುತ್ತಲೇ ಇರುತ್ತಾರೆ. ಜನ ಕೊಡುತ್ತಲೇ ಇರುತ್ತಾರೆ.

ಯಾರು ಈ ಜನ? 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಅಂದರೆ ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ. ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಗುಳೆ ಹೋದವರು ಈ ಜನ. ಅಲ್ಲಿನ ತಗಡಿನ ಶೆಡ್ಡಿನಲ್ಲಿ ಮಲಗುವವನು ಊರಿನ ಮಸೀದಿಯ ಸ್ಲ್ಯಾಬಿಗೆಂದು ಐನೂರು ರೂಪಾಯಿ ಕಳಿಸುತ್ತಾನೆ. ಅವನ ಪಕ್ಕದಲ್ಲಿ ಮಲಗಿದವನು ಊರಿನ ಗುಡಿಯ ಗೋಪುರಕ್ಕೆಂದು ಅಷ್ಟೇ ಕಳಿಸುತ್ತಾನೆ. ಆ ಐನೂರು ಎಲ್ಲಿಗೆ ಹೋಯಿತೆಂದು ಅವರಿಬ್ಬರಿಗೂ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಊರಿಗೆ ಬಂದಾಗ ಸ್ಲ್ಯಾಬು ಬಿದ್ದಿದ್ದರೆ ಸರಿ, ಬೀಳದಿದ್ದರೆ ‘ಕೆಲಸ ನಡದದ’ ಎಂಬ ಉತ್ತರ.

ಒಂದು ಸಂಸ್ಥೆಯ ಬಳಿ ನಾವು ಜಮಾ-ಖರ್ಚಿನ ಪಟ್ಟಿ ತೋರಿಸಿ ಎಂದು ಕೇಳಿದಾಗ ಸಿಕ್ಕ ಉತ್ತರ ಚಿಕ್ಕದಾಗಿತ್ತು. ‘ನೀವ್ಯಾರ್ರಿ ಲೆಕ್ಕ ಕೇಳ್ಲಾಕ? ನೀವೆಷ್ಟು ಕೊಟ್ಟೀರಿ?’ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಲೆಂದೇ ಈ ಲೇಖನ.

ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಐದು ರೂಪಾಯಿ ಕೊಟ್ಟವನಿಗೂ ಹಕ್ಕಿದೆ, ಐದು ಲಕ್ಷ ಕೊಟ್ಟವನಿಗೂ ಹಕ್ಕಿದೆ. ಏನೂ ಕೊಡದವನಿಗೂ ಇದೆ ಎಂಬುದು ನಮ್ಮ ವಾದ. ನೋಂದಣಿಯಾದ ದತ್ತಿ ಸಂಸ್ಥೆಗೆ ಆದಾಯ ತೆರಿಗೆಯಿಂದ ವಿನಾಯಿತಿ ಸಿಗುತ್ತದೆ. 80ಜಿ ಪ್ರಮಾಣಪತ್ರವಿದ್ದರೆ ದಾನಿಗೂ ತೆರಿಗೆಯಲ್ಲಿ ರಿಯಾಯಿತಿ. ಸರ್ಕಾರ ಬಿಟ್ಟುಕೊಟ್ಟ ಆ ತೆರಿಗೆ ಯಾರದು? ಬೆಂಕಿಪೊಟ್ಟಣಕ್ಕೂ ತೆರಿಗೆ ಕೊಡುವ ಎಲ್ಲರದು. ಅದಕ್ಕಿಂತ ಮುಖ್ಯವಾಗಿ, ಬಡವರ ಹೆಸರಿನಲ್ಲಿ ಎತ್ತಿದ ಹಣದ ಮೊದಲ ಹಕ್ಕುದಾರ ಆ ಬಡವನೇ. ಅವನು ಒಂದು ಪೈಸೆಯನ್ನೂ ಕೊಟ್ಟಿರುವುದಿಲ್ಲ. ಹಾಗೆಂದು ಅವನಿಗೆ ಲೆಕ್ಕ ಕೇಳುವ ಹಕ್ಕಿಲ್ಲ ಎನ್ನಲಾದೀತೇ?

ಇನ್ನು ‘ನೀವ್ಯಾರು’ ಎಂಬ ಪ್ರಶ್ನೆ. ಇದಕ್ಕೆ ಕಾನೂನು ಅರ್ಧ ಉತ್ತರ ಕೊಟ್ಟು ಸುಮ್ಮನಾಗಿದೆ. ಒಂದು ಸಂಸ್ಥೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ‘ಸಂಘ’ವಾಗಿ ನೋಂದಣಿಯಾಗಿದ್ದರೆ, ಪ್ರತಿವರ್ಷ ಮಹಾಸಭೆ ಮುಗಿದ ಮೇಲೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪರಿಶೋಧಕರು ನೋಡಿದ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸಿದ ಮೇಲೆ ಅದು ಸರ್ಕಾರಿ ಕಚೇರಿಯ ಕಡತ. ಕೇಳಿದರೆ ಪ್ರತಿ ಸಿಗಬೇಕು. ಸಂಘಗಳ ಕಡತವನ್ನು ಯಾರು ಬೇಕಾದರೂ ನೋಡಬಹುದೆಂಬ ತತ್ವ ಹೊಸದೇನಲ್ಲ. 1860ರಲ್ಲಿ ಬ್ರಿಟಿಷರು ಮಾಡಿದ ಸಂಘಗಳ ಕಾಯ್ದೆಯಲ್ಲೇ, ಒಂದು ರೂಪಾಯಿ ಶುಲ್ಕ ಕಟ್ಟಿದ ಯಾರಾದರೂ ನೋಂದಣಾಧಿಕಾರಿಯ ಬಳಿ ಇರುವ ದಾಖಲೆಗಳನ್ನು ಪರಿಶೀಲಿಸಬಹುದು ಎಂದಿತ್ತು. ಸದಸ್ಯನಾಗಿರಬೇಕು, ದಾನಿಯಾಗಿರಬೇಕು ಎಂಬ ಷರತ್ತು ಅದರಲ್ಲಿರಲಿಲ್ಲ.

ಆದರೆ ಅದೇ ಸಂಸ್ಥೆ ‘ಟ್ರಸ್ಟ್’ ಆಗಿ ನೋಂದಣಿಯಾದರೆ ಕಥೆಯೇ ಬೇರೆ. ಉಪನೋಂದಣಿ ಕಚೇರಿಯಲ್ಲಿ ಹೊಲ-ಮನೆಯ ಕಾಗದ ನೋಂದಾಯಿಸಿದ ಹಾಗೆಯೇ ಟ್ರಸ್ಟ್ ಡೀಡನ್ನೂ ನೋಂದಾಯಿಸುತ್ತಾರೆ. ಅಲ್ಲಿಗೆ ಮುಗಿಯಿತು. ಪ್ರತಿವರ್ಷ ಲೆಕ್ಕ ತಂದು ಆ ಕಚೇರಿಗೆ ಕೊಡಬೇಕೆಂದಿಲ್ಲ. ಆದಾಯ ತೆರಿಗೆ ಇಲಾಖೆಗೆ ರಿಟರ್ನ್ ಸಲ್ಲಿಸಬೇಕು ನಿಜ, ಆದರೆ ಅದು ಇಲಾಖೆಗೂ ಟ್ರಸ್ಟಿಗೂ ನಡುವಿನ ವ್ಯವಹಾರ. ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಶಾಲೆ, ಆಸ್ಪತ್ರೆ, ವಸತಿನಿಲಯಗಳಿಗೆಲ್ಲ ‘ಟ್ರಸ್ಟ್’ ಎಂಬ ಹೆಸರು ಏಕೆ ಇಷ್ಟು ಪ್ರಿಯವೋ ಓದುಗರೇ ಊಹಿಸಲಿ.

ಪಕ್ಕದ ಮಹಾರಾಷ್ಟ್ರದಲ್ಲಿ ಹೀಗಿಲ್ಲ. 1950ರ ಸಾರ್ವಜನಿಕ ಟ್ರಸ್ಟ್‌ಗಳ ಕಾಯ್ದೆಯಂತೆ ಅಲ್ಲಿ ಧರ್ಮಾದಾಯ ಆಯುಕ್ತರಿದ್ದಾರೆ. ಯಾದಗಿರಿಯಲ್ಲಿ ರೈಲು ಹತ್ತಿದರೆ ಸಿಗುವ ಸೊಲ್ಲಾಪುರದಲ್ಲಿ ಅವರದೊಂದು ಕಚೇರಿಯೇ ಇದೆ. ಟ್ರಸ್ಟುಗಳು ಲೆಕ್ಕ ಸಲ್ಲಿಸುವುದು ಅಲ್ಲಿಗೆ. ಆ ವ್ಯವಸ್ಥೆಯಲ್ಲಿ ಹುಳುಕಿಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಬಾಗಿಲು ತಟ್ಟಲು ಅಲ್ಲಿ ಒಂದು ಬಾಗಿಲಾದರೂ ಇದೆ. ನಮ್ಮಲ್ಲಿ ಅದೂ ಇಲ್ಲ.

ಒಂದು ಕಾಲಕ್ಕೆ ನಮ್ಮಲ್ಲೂ ಇತ್ತು ಎಂಬುದು ಹೊಸ ಪೀಳಿಗೆಗೆ ಗೊತ್ತಿರಲಾರದು. ಈ ಮೂರೂ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದ, ಫಸ್ಲಿ 1349ರ ಹೈದರಾಬಾದ್ ದತ್ತಿ ನಿಯಮಾವಳಿಯ ಕಾಲದಲ್ಲಿ ಮಸೀದಿಯಾಗಲಿ, ಗುಡಿಯಾಗಲಿ ದತ್ತಿಗಳನ್ನು ‘ಕಿತಾಬುಲ್ ಔಖಾಫ್’ ಎಂಬ ದಾಖಲೆ ಪುಸ್ತಕದಲ್ಲಿ ಬರೆಸಲಾಗುತ್ತಿತ್ತು. ಹಿಂದೂ ದೇವಸ್ಥಾನದ ಹೆಸರು ಅರಬ್ಬಿ ಹೆಸರಿನ ಪುಸ್ತಕದಲ್ಲಿ! ಇಂದು ಯಾರಾದರೂ ಇದನ್ನು ಹೇಳಿದರೆ ಟಿವಿ ಚಾನೆಲ್ಲಿನಲ್ಲಿ ಒಂದು ವಾರ ಗಲಾಟೆಯಾದೀತು. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ 2003ರಲ್ಲಿ ಜಾರಿಗೆ ಬಂದಾಗ ಹಳೆಯ ನಿಯಮಾವಳಿ ರದ್ದಾಯಿತು. ಸರ್ಕಾರದ ಗುಡಿಗಳು ಮುಜರಾಯಿಗೆ ಸೇರಿದವು, ವಕ್ಫ್ ಆಸ್ತಿಗಳು ವಕ್ಫ್ ಮಂಡಳಿಯಲ್ಲಿದ್ದವು. ಇವೆರಡರ ನಡುವೆ ಬಿದ್ದ ಖಾಸಗಿ ದತ್ತಿ ಟ್ರಸ್ಟುಗಳನ್ನು ಕೇಳುವವರೇ ಇಲ್ಲವಾಯಿತು. ಮುಜರಾಯಿ ಗುಡಿಗಳ ಹುಂಡಿಯನ್ನಾದರೂ ಅಧಿಕಾರಿಗಳ ಎದುರು ಸುರಿದು ಎಣಿಸುತ್ತಾರೆ, ಮರುದಿನ ಪತ್ರಿಕೆಯಲ್ಲಿ ಮೊತ್ತ ಬರುತ್ತದೆ. ಅಷ್ಟು ಸರಳವಾದ ಕೆಲಸ ಉಳಿದವರಿಗೆ ಯಾಕೆ ಇಷ್ಟು ಕಷ್ಟ?

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ವಕ್ಫ್.

ವಕ್ಫ್ ಮಟ್ಟಿಗೆ ಕಾನೂನು ಸ್ಪಷ್ಟವಾಗಿಯೇ ಇದೆ. ಮುತವಲ್ಲಿ ಲೆಕ್ಕ ಇಡಬೇಕು, ಮಾರ್ಚ್ 31ಕ್ಕೆ ಮುಗಿದ ವರ್ಷದ ಜಮಾ-ಖರ್ಚನ್ನು ವಕ್ಫ್ ಮಂಡಳಿಗೆ ಸಲ್ಲಿಸಬೇಕು, ಮಂಡಳಿ ಪರಿಶೋಧನೆ ಮಾಡಿಸಬೇಕು ಎಂದು 1995ರ ಕಾಯ್ದೆ ಹೇಳಿತು. ಲೆಕ್ಕ ಕೊಡದ ಮುತವಲ್ಲಿಗೆ ದಂಡವಿದೆ, ಅವನನ್ನು ತೆಗೆಯುವ ಅವಕಾಶವೂ ಇದೆ. ಮಂಡಳಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೂ ಬರುತ್ತದೆ. ಹಾಗಿದ್ದರೆ ನಮ್ಮ ಮೂರು ಊರುಗಳ ಎಷ್ಟು ಮಸೀದಿಗಳ ಗೋಡೆಯ ಮೇಲೆ ಕಳೆದ ವರ್ಷದ ಲೆಕ್ಕ ಅಂಟಿಸಲಾಗಿದೆ? ಈದ್ಗಾದ ಅಂಗಡಿಗಳ ಬಾಡಿಗೆ ಎಷ್ಟು, ಯಾರು ಯಾವ ಕಾಲದ ದರದಲ್ಲಿ ಕೂತಿದ್ದಾರೆ, ಶಾದಿ ಮಹಲಿನ ಬುಕಿಂಗಿನಿಂದ ಎಷ್ಟು ಬಂತು ಎಂದು ಜಮಾಅತಿನ ಸಾಮಾನ್ಯ ಸದಸ್ಯನಿಗೆ ತಿಳಿದಿದೆಯೇ? ಗೋಗಿಯಂಥ ಊರಿನಲ್ಲಿ, ಆದಿಲ್ ಶಾಹಿ ಸುಲ್ತಾನರು ಮಣ್ಣಾದ ದರ್ಗಾದ ಅಂಗಳದಲ್ಲಿ ನಿಂತವರಿಗೆ ನಮ್ಮ ಹಿರಿಯರು ಬಿಟ್ಟುಹೋದ ದತ್ತಿಯ ಹರವು ಎಷ್ಟಿತ್ತೆಂಬ ಅಂದಾಜು ಬರುತ್ತದೆ. ಆ ಹರವಿಗೂ ನಮ್ಮ ಮಕ್ಕಳ ಶಾಲೆಯ ಸ್ಥಿತಿಗೂ ತಾಳಮೇಳವೇ ಇಲ್ಲ.

2006ರಲ್ಲಿ ಸಾಚಾರ್ ಸಮಿತಿ ಲೆಕ್ಕ ಹಾಕಿ ತೋರಿಸಿತ್ತು. ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು 4.9 ಲಕ್ಷ, ಜಮೀನು ಸುಮಾರು 6 ಲಕ್ಷ ಎಕರೆ, ಮಾರುಕಟ್ಟೆ ಬೆಲೆ ಅಂದಾಜು 1.2 ಲಕ್ಷ ಕೋಟಿ ರೂಪಾಯಿ. ವರ್ಷದ ಆದಾಯ? ಬರೀ 163 ಕೋಟಿ. ಸರಿಯಾಗಿ ನಡೆಸಿದ್ದರೆ 12 ಸಾವಿರ ಕೋಟಿ ಬರಬಹುದಿತ್ತು ಎಂದು ಸಮಿತಿ ಹೇಳಿತು. ಸಾಚಾರ್ ವರದಿಯನ್ನು ನಾವು ಇಪ್ಪತ್ತು ವರ್ಷಗಳಿಂದ ಸರ್ಕಾರದ ಮುಂದೆ ಹಿಡಿಯುತ್ತ ಬಂದಿದ್ದೇವೆ, ಹಿಡಿಯಬೇಕಾದ್ದೇ. ಆದರೆ ಅದರ ವಕ್ಫ್ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಓದಿದ್ದೇವೆ?

2012ರ ಮಾರ್ಚಿನಲ್ಲಿ ರಾಜ್ಯ ಅಲ್ಪಸಂಖ್ಯಾತರ ಆಯೋಗದ ಅಂದಿನ ಅಧ್ಯಕ್ಷ ಅನ್ವರ್ ಮಾಣಿಪ್ಪಾಡಿ, ಕರ್ನಾಟಕದಲ್ಲಿ ಸುಮಾರು 27 ಸಾವಿರ ಎಕರೆ ವಕ್ಫ್ ಜಮೀನು ಕೈತಪ್ಪಿದೆ ಎಂಬ ವರದಿಯನ್ನು ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರಿಗೆ ಕೊಟ್ಟರು. ಅದರ ಅಂಕಿಗಳ ಬಗ್ಗೆ, ಉದ್ದೇಶದ ಬಗ್ಗೆ ವಾದವಿವಾದಗಳಿವೆ. ನಾವು ಎತ್ತಿ ತೋರುವುದು ಬೇರೊಂದು ಸಂಗತಿಯನ್ನು. ದಾಖಲೆಗಳ ಬಗ್ಗೆ ಬರೆದ ಆ ವರದಿ ಸದನದಲ್ಲಿ ಮಂಡನೆಯಾಗಲು 2020 ಬರಬೇಕಾಯಿತು. ಈ ನಡುವೆ ಎರಡೂ ದೊಡ್ಡ ಪಕ್ಷಗಳು ಅಧಿಕಾರ ಅನುಭವಿಸಿದವು, ಎರಡೂ ಪಕ್ಷಗಳು ಆ ವರದಿಯನ್ನು ಬೇಕಾದಾಗ ತೋರಿಸಿ ಬೇಡವಾದಾಗ ಬೀರುವಿನಲ್ಲಿಟ್ಟವು. ಮುಚ್ಚಿಟ್ಟ ಕಾಗದ ಯಾವತ್ತೂ ಬಡ ಮುಸ್ಲಿಮನ ಕೆಲಸಕ್ಕೆ ಬರಲಿಲ್ಲ. ರಾಜಕಾರಣಿಯ ಕೆಲಸಕ್ಕೆ ಮಾತ್ರ ಬಂತು.

‘ಲೆಕ್ಕ ಬಯಲಿಗಿಟ್ಟರೆ ವೈರಿಗಳ ಕೈಗೆ ಅಸ್ತ್ರ ಕೊಟ್ಟಂತೆ’ ಎಂದು ನಮ್ಮ ಕೆಲವು ಹಿರಿಯರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಒಂದು ಮದ್ರಸದ ರಸೀದಿ ಪುಸ್ತಕವೂ ಅಪರಾಧದ ಸಾಕ್ಷಿಯಂತೆ ಸುದ್ದಿಯಾಗುವ ಕಾಲವಿದು. ಆದರೆ 2024ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಆದದ್ದನ್ನು ಅವರು ನೆನಪಿಸಿಕೊಳ್ಳಲಿ. ರೈತರಿಗೆ ನೋಟಿಸುಗಳು ಹೋದವು, ಪಹಣಿಯಲ್ಲಿ ವಕ್ಫ್ ಹೆಸರು ಕಾಣಿಸಿತು, ಹೊನವಾಡದ ಹೆಸರು ದೇಶದ ತುಂಬ ಹರಡಿತು. ಅಲ್ಲಿ ಹಿಂದೆ ವಕ್ಫ್ ಎಂದು ಅಧಿಸೂಚನೆಯಾದ ಜಮೀನಿನ ಬಹುಪಾಲು ಇನಾಂ ರದ್ದತಿ ಮತ್ತು ಭೂಸುಧಾರಣೆ ಕಾಯ್ದೆಗಳಲ್ಲಿ ಎಂದೋ ಉಳುವವರ ಪಾಲಾಗಿತ್ತು. ಅಂದರೆ ಮಂಡಳಿಯ ಪುಸ್ತಕವೊಂದು ಹೇಳುತ್ತಿತ್ತು, ಹೊಲ ಇನ್ನೊಂದು ಹೇಳುತ್ತಿತ್ತು. ಯಾವುದು ಉಳಿದಿದೆ, ಯಾವುದು ಹೋಗಿದೆ ಎಂಬ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ವರ್ಷಗಳಿಂದ ಇದ್ದಿದ್ದರೆ ಯಾವ ರೈತನೂ ಬೆಚ್ಚಿಬೀಳುತ್ತಿರಲಿಲ್ಲ. ‘ನಿಮ್ಮ ಹೊಲ ಕಸಿಯುತ್ತಾರೆ’ ಎಂದು ಹಳ್ಳಿ ಹಳ್ಳಿ ಸುತ್ತಿದವರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ನವೆಂಬರಿನಲ್ಲಿ ಸರ್ಕಾರ ನೋಟಿಸು ಹಿಂದಕ್ಕೆ ಪಡೆಯಿತು. ಆದರೆ ಅಕ್ಕಪಕ್ಕದ ಹೊಲದವರ ನಡುವೆ ಹುಟ್ಟಿದ ಅನುಮಾನವನ್ನು ಹಿಂದಕ್ಕೆ ಪಡೆಯುವ ಆದೇಶ ಯಾವ ಕಚೇರಿಯಿಂದ ಹೊರಡಬೇಕು? ಅಸ್ತ್ರ ಕೊಟ್ಟದ್ದು ಬಯಲಿಗಿಟ್ಟ ಲೆಕ್ಕವೋ, ಕತ್ತಲಲ್ಲಿಟ್ಟ ಲೆಕ್ಕವೋ?

2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಗ್ಗೆ ನಮಗೆ ತೀವ್ರ ಆಕ್ಷೇಪವಿದೆ. ಬಳಕೆಯಿಂದ ವಕ್ಫ್ ಆದ ಆಸ್ತಿಯ ತತ್ವವನ್ನು ಮುಂದಕ್ಕೆ ಕೈಬಿಟ್ಟದ್ದು, ಮಂಡಳಿಯಲ್ಲಿ ಮುಸ್ಲಿಮೇತರ ಸದಸ್ಯರನ್ನು ಸೇರಿಸಿದ್ದು, ಜಿಲ್ಲಾಡಳಿತದ ಕೈ ಉದ್ದ ಮಾಡಿದ್ದು ಯಾವುದೂ ಸುಧಾರಣೆ ಅಲ್ಲ. 2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಕೆಲವು ಅಂಶಗಳಿಗೆ ತಡೆ ಕೊಟ್ಟಿತು, ನೋಂದಣಿ ಕಡ್ಡಾಯಕ್ಕೆ ಕೊಡಲಿಲ್ಲ. ಆ ಕಾಯ್ದೆಯ ವಿರುದ್ಧ ಬೀದಿಗಿಳಿದವರಲ್ಲಿ ಬಾಡಿಗೆ ಲೆಕ್ಕ ಕೊಡದ ಕೆಲವರೂ ಮುಂದಿನ ಸಾಲಿನಲ್ಲಿ ನಿಂತರೆ, ಹಿಂದೆ ನಿಂತ ಬಡವನಿಗೆ ಏನನ್ನಿಸೀತು? ಕಾಯ್ದೆಯನ್ನು ವಿರೋಧಿಸೋಣ. ಲೆಕ್ಕವನ್ನು ವಿರೋಧಿಸುವುದು ಬೇಡ.

ಸರ್ಕಾರಕ್ಕೂ ಈ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರವಿಲ್ಲ ಎಂಬುದನ್ನೂ ಹೇಳಿಬಿಡಬೇಕು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಯಾರಿಂದ ಎಷ್ಟು ಬಂತೆಂದು ಪ್ರಕಟಿಸಬೇಕೆಂಬ ನಿಯಮವಿತ್ತು. 2022ರ ಜುಲೈಯಲ್ಲಿ ಕೇಂದ್ರ ಗೃಹ ಇಲಾಖೆ ಅದನ್ನು ಕೈಬಿಟ್ಟಿತು. ಅದೇ ತಿಂಗಳು, ಸಾಮಾನ್ಯರೂ ನೋಡಬಹುದಾಗಿದ್ದ ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರಗಳನ್ನು ಇಲಾಖೆಯ ಜಾಲತಾಣದಿಂದ ತೆಗೆಯಲಾಯಿತು. ಸರ್ಕಾರ ಎಲ್ಲವನ್ನೂ ನೋಡುತ್ತದೆ, ಜನ ಏನನ್ನೂ ನೋಡಬಾರದು. ಇದಕ್ಕೆ ಕಾವಲು ಎನ್ನಬಹುದು, ಪಾರದರ್ಶಕತೆ ಎನ್ನಲಾಗದು. 2020ರ ಮಾರ್ಚಿನಲ್ಲಿ ಕೋವಿಡ್ ಹೆಸರಿನಲ್ಲಿ ಸ್ಥಾಪನೆಯಾದ ಪಿಎಂ ಕೇರ್ಸ್ ನಿಧಿಯೂ ಒಂದು ಸಾರ್ವಜನಿಕ ದತ್ತಿ ಟ್ರಸ್ಟೇ. ಪ್ರಧಾನಿ ಅದರ ಅಧ್ಯಕ್ಷರು. ಆದರೂ ಅದು ಮಾಹಿತಿ ಹಕ್ಕಿನಡಿ ‘ಸಾರ್ವಜನಿಕ ಪ್ರಾಧಿಕಾರ’ ಅಲ್ಲ ಎಂದು ಪ್ರಧಾನಿ ಕಚೇರಿಯೇ ದೆಹಲಿ ಹೈಕೋರ್ಟಿನಲ್ಲಿ ವಾದಿಸಿತು. ದೊಡ್ಡ ಟ್ರಸ್ಟು ಹೀಗೆ ಹೇಳಿದ ಮೇಲೆ ಸುರಪುರದ ಸಣ್ಣ ಟ್ರಸ್ಟು ಏನು ಕಲಿತೀತು?

ಬೇರೆ ಕಡೆ ಹೇಗಿದೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸುಮಾರು 1 ಲಕ್ಷ 70 ಸಾವಿರ ದತ್ತಿ ಸಂಸ್ಥೆಗಳ ನೋಂದಣಿ ಪಟ್ಟಿ ಯಾರಿಗೆ ಬೇಕಾದರೂ ಕಾಣುವಂತಿದೆ, 25 ಸಾವಿರ ಪೌಂಡಿಗಿಂತ ಹೆಚ್ಚು ಆದಾಯವಿರುವ ಸಂಸ್ಥೆಯ ಲೆಕ್ಕವೂ ಅಲ್ಲೇ ಸಿಗುತ್ತದೆ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ 990 ಎಂಬ ನಮೂನೆಯಲ್ಲಿ ಸಲ್ಲಿಸಿದ ಲೆಕ್ಕವನ್ನು ಕೇಳಿದವರಿಗೆ ತೋರಿಸಲೇಬೇಕು, ತೋರಿಸದಿದ್ದರೆ ದಿನಕ್ಕೆ 20 ಡಾಲರ್ ದಂಡ. (ಅಲ್ಲಿಯೂ ಚರ್ಚು, ಮಸೀದಿಗಳಿಗೆ ಈ ನಮೂನೆಯಿಂದ ವಿನಾಯಿತಿ ಇದೆ. ದೇವರ ಹೆಸರಿದ್ದಲ್ಲಿ ಎಲ್ಲ ಸರ್ಕಾರಗಳೂ ಸ್ವಲ್ಪ ಹಿಂಜರಿಯುತ್ತವೆ.)

ನಮ್ಮ ನದಿಗಳ ಮಾತು ಬಿಟ್ಟು ಇಲ್ಲಿನ ದಾನಧರ್ಮದ ಮಾತು ಪೂರ್ತಿಯಾಗುವುದಿಲ್ಲ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಮುಖ್ಯಮಂತ್ರಿಯೇ ಡಬ್ಬಿ ಹಿಡಿದು ಬೀದಿಗಿಳಿದರು, ‘ಆಸರೆ’ ಯೋಜನೆಯಲ್ಲಿ ಮನೆ ಕಟ್ಟಿಕೊಡಲು ಕಂಪನಿಗಳು, ಮಠಗಳು, ಸಂಘ-ಸಂಸ್ಥೆಗಳು ಮುಂದೆ ಬಂದವು. 2019ರ ಆಗಸ್ಟಿನಲ್ಲಿ ಬಸವಸಾಗರದಿಂದ ಬಿಟ್ಟ ನೀರು ನೀಲಕಂಠರಾಯನ ಗಡ್ಡಿಯನ್ನು ಮತ್ತೆ ಲೋಕದಿಂದ ಕತ್ತರಿಸಿತು. ಪ್ರತಿಸಲವೂ ಲಾರಿಗಳಲ್ಲಿ ಅಕ್ಕಿ, ಹೊದಿಕೆ ಬಂದವು. ಹಂಚುವಾಗ ಫೋಟೋ ತೆಗೆದರು. ಒಯ್ದವರ ಶ್ರಮಕ್ಕೆ ನಮ್ಮ ಸಲಾಂ. ಎದೆಮಟ್ಟದ ನೀರಿನಲ್ಲಿ ಹೋದ ಹುಡುಗರಲ್ಲಿ ಎಲ್ಲ ಜಾತಿ-ಧರ್ಮದವರಿದ್ದರು. ಆದರೆ ನೀರು ಇಳಿದ ಮೇಲೆ ಎಷ್ಟು ಬಂತು, ಎಷ್ಟು ಹಂಚಿತು, ಎಷ್ಟು ಉಳಿಯಿತು ಎಂದು ಮುಳುಗಿದವರ ಮುಂದೆ ಓದಿ ಹೇಳಿದವರು ಎಷ್ಟು ಜನ? ನೆರೆ ಸಂತ್ರಸ್ತನ ಫೋಟೋ ಎಲ್ಲರಿಗೂ ಸಿಕ್ಕಿತು. ಲೆಕ್ಕ ಅವನಿಗೆ ಸಿಗಲಿಲ್ಲ.

‘ಲೆಕ್ಕ ಅಲ್ಲಾಹನು ನೋಡಿಕೊಳ್ಳುತ್ತಾನೆ, ನಿಮಗೇಕೆ’ ಎಂಬ ಕೊನೆಯ ಉತ್ತರವೊಂದಿದೆ. ಧಾರ್ಮಿಕವಾಗಿ ಕಾಣುವ ಈ ಮಾತಿಗಿಂತ ಅಧಾರ್ಮಿಕವಾದುದು ಮತ್ತೊಂದಿಲ್ಲ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಇರುವುದು ನಮಾಜಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿ ಇಡುವ ಬಗ್ಗೆ. ಇಬ್ನುಲ್ ಲುತ್‌ಬಿಯ್ಯ ಎಂಬವರು ಝಕಾತ್ ಸಂಗ್ರಹಿಸಿ ತಂದು, ಇಷ್ಟು ನಿಮಗೆ, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ ಪ್ರವಾದಿ ಮುಹಮ್ಮದ್(ಸ) ಆ ವಿಷಯವನ್ನು ಒಳಮನೆಯಲ್ಲಿ ಮುಗಿಸಲಿಲ್ಲ. ಮಿಂಬರಿನ ಮೇಲೆ ನಿಂತು ಜನರೆದುರೇ, ಅವನು ತಂದೆತಾಯಿಯ ಮನೆಯಲ್ಲಿ ಕೂತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬರ್ಥದ ಪ್ರಶ್ನೆ ಕೇಳಿದರು. ಝಕಾತಿನ ಲೆಕ್ಕ ಸಾರ್ವಜನಿಕ ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಕಲ್ಯಾಣದ ಬಸವಣ್ಣನವರು ಭಂಡಾರಿಯಾಗಿದ್ದಾಗ ಭಂಡಾರದ ಹಣ ಜಂಗಮರಿಗೆ ಸುರಿಯುತ್ತಿದ್ದಾರೆಂದು ಚಾಡಿಕೋರರು ಬಿಜ್ಜಳನ ಕಿವಿಯೂದಿದರೆಂದು ಶರಣರ ಕಥೆಗಳು ಹೇಳುತ್ತವೆ. ಬಸವಣ್ಣ ‘ನೀನ್ಯಾರು ಕೇಳಲು’ ಎನ್ನಲಿಲ್ಲ. ಎಣಿಸಿ ನೋಡಿ ಎಂದರು, ಹಣ ಸರಿಯಾಗಿತ್ತು. ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟುಕೊಂಡ ನಾವು ಕಥೆಯ ಈ ಭಾಗವನ್ನು ಯಾಕೋ ಮರೆತಿದ್ದೇವೆ.

ಗುಟ್ಟಾಗಿ ಕೊಡುವುದು ಶ್ರೇಷ್ಠವಲ್ಲವೇ ಎಂದು ಕೆಲವರು ಕೇಳಬಹುದು. ಕೊಟ್ಟವನ ಹೆಸರು ಗುಟ್ಟಾಗಿರಲಿ. ಝಕಾತ್ ಪಡೆದ ವಿಧವೆಯ ಹೆಸರಂತೂ ಗೋಡೆಯ ಮೇಲೆ ಬರಲೇಬಾರದು. ರೇಷನ್ ಕಿಟ್ ಹಿಡಿದ ಹೆಂಗಸಿನ ಫೋಟೋ ಹಾಕುವ ಸಂಸ್ಥೆಗಳಿಗೆ ನಾವು ಮೊದಲು ನಾಚಿಕೆ ಕಲಿಸಬೇಕು. ಬಯಲಾಗಬೇಕಾದ್ದು ನಡುವೆ ಹಣ ಹಿಡಿದವನ ಕೈ ಮಾತ್ರ. ಎಷ್ಟು ರಸೀದಿ ಪುಸ್ತಕ ಅಚ್ಚು ಹಾಕಿಸಿದರು, ಎಷ್ಟು ವಾಪಸು ಬಂದವು, ಸಂಗ್ರಹಕಾರರಿಗೆ ಕಮಿಷನ್ ಎಷ್ಟು ಹೋಯಿತು, ಬ್ಯಾಂಕಿನಲ್ಲಿ ಎಷ್ಟಿದೆ, ಪದಾಧಿಕಾರಿಗಳ ನೆಂಟರಿಗೆ ಗುತ್ತಿಗೆ ಸಿಕ್ಕಿದೆಯೇ, ಇಷ್ಟು ಸಾಕು. ಸಣ್ಣ ಹಳ್ಳಿಯ ಮಸೀದಿ ಚಾರ್ಟರ್ಡ್ ಅಕೌಂಟೆಂಟನ್ನು ಹುಡುಕಬೇಕೆಂದು ನಾವು ಹೇಳುತ್ತಿಲ್ಲ. ಎರಡು ರೂಲು ಎಳೆದ ನೋಟುಪುಸ್ತಕ, ಕನ್ನಡದಲ್ಲೂ ಉರ್ದುವಿನಲ್ಲೂ ಬರೆದ ಒಂದು ಹಾಳೆ. ಜಿಲ್ಲೆಯ ಅರ್ಧದಷ್ಟು ಜನ ಓದಲಾರರು, ಆದ್ದರಿಂದ ಜುಮಾ ಮುಗಿದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿದರೆ ಸರಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರು 1994ರಲ್ಲಿ ಪಂಚಾಯಿತಿಯ ಮಸ್ಟರ್ ರೋಲನ್ನು ಊರ ನಡುವೆ ಓದಿಸಿದ್ದು ಹೀಗೆಯೇ. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇರುವುದು ಆ ಓದಿನಲ್ಲಿ.

ಸರ್ಕಾರದ ಗಣನೀಯ ಹಣ ಪಡೆಯುವ ಖಾಸಗಿ ಸಂಸ್ಥೆಗಳೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ ಎಂದು ಡಿ.ಎ.ವಿ. ಕಾಲೇಜು ಟ್ರಸ್ಟಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿದೆ. ಅನುದಾನದಲ್ಲಿ ಸಂಬಳ ಕೊಡುವ ಶಾಲೆ, ವಸತಿನಿಲಯ ನಡೆಸುವ ನಮ್ಮ ಸಂಸ್ಥೆಗಳು ಇದನ್ನು ಓದಿಕೊಳ್ಳಲಿ. ಓದುಗರೂ ಒಂದು ಕೆಲಸ ಮಾಡಬಹುದು. ತಮ್ಮೂರಿನ ಸಂಘವೊಂದರ ಕಳೆದ ಮೂರು ವರ್ಷಗಳ ಲೆಕ್ಕಪತ್ರದ ಪ್ರತಿ ಕೊಡಿ ಎಂದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ, ವಕ್ಫ್ ಸಂಸ್ಥೆಯಾದರೆ ಜಿಲ್ಲಾ ವಕ್ಫ್ ಕಚೇರಿಗೆ ಬರೆಯಬೇಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಉತ್ತರ 30 ದಿನಗಳಲ್ಲಿ ಬರಬೇಕು. ‘ಸಂಸ್ಥೆ ಲೆಕ್ಕ ಸಲ್ಲಿಸಿಲ್ಲ’ ಎಂಬ ಉತ್ತರ ಬಂದರೆ ಅದರ ಎರಡು ಪ್ರತಿ ತೆಗೆಸಿ, ಒಂದನ್ನು ಆ ಸಂಸ್ಥೆಯ ಅಧ್ಯಕ್ಷರಿಗೆ ಕೊಡಿ, ಇನ್ನೊಂದನ್ನು ಮುಂದಿನ ಸಲ ರಸೀದಿ ಪುಸ್ತಕ ಹಿಡಿದು ಬಂದವರ ಕೈಗೆ ಕೊಡಿ.